ದಿನ ಮುಂದಕ್ಕೆ ಹಾಕುವ ಮಾತ್ರೆ

ಸಿಂಗಸಂದ್ರದ ಹೊಸ ಫ್ಲ್ಯಾಟಿನ ಅಡುಗೆಮನೆಯಲ್ಲಿ ನನ್ನ ಹೆಂಡತಿ ನಿಂತಿದ್ದಾಳೆ. "ರೀ, ಗೃಹಪ್ರವೇಶದ ದಿನಾನೇ ನಂದು ಬರೋ ಹಾಗಿದೆ. ಏನ್ ಮಾಡ್ಲಿ?" ಎನ್ನುತ್ತಾಳೆ. ನಾನು ನಗುತ್ತೇನೆ. "ನಮ್ಮಲ್ಲಿ ಅದೆಲ್ಲ ನೋಡಲ್ಲ ಕಣೆ. ಬಂದ್ರೆ ಬರಲಿ."

ನನಗೆ ಇಷ್ಟು ನೆನಪಿದೆ. ಆದರೆ ಈ ನೆನಪಿನಲ್ಲಿ ಅವಳು ಉಟ್ಟಿರುವುದು ಹಸಿರು ಸೀರೆ. ಆ ಸೀರೆಗೆ ಕುಚ್ಚು ಕಟ್ಟಿಸಿ ತಂದದ್ದು ಗೃಹಪ್ರವೇಶದ ಹಿಂದಿನ ದಿನ. ಅಷ್ಟು ಹೊತ್ತಿಗೆ ಅವಳು ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ನುಂಗಲು ಶುರುಮಾಡಿ ಎರಡು ವಾರವಾದರೂ ಆಗಿತ್ತು. ಹಾಗಾದರೆ ಈ ಮಾತು ನಡೆದದ್ದು ಯಾವಾಗ? ನಡೆದಿತ್ತೇ? ಪೀಣ್ಯದಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಇಷ್ಟು ತಪ್ಪು ತೋರಿಸುವ ಉಪಕರಣವನ್ನು ನಾನು ವಾಪಸ್ ಕಳಿಸುತ್ತೇನೆ.

ಅವಳಿಗೆ ಕಾಲೇಜಿನ ದಿನಗಳಿಂದ ಫಿಟ್ಸ್ ಇತ್ತು. ಲ್ಯಾಮೋಟ್ರಿಜಿನ್ ಮಾತ್ರೆ ಒಗ್ಗಿದ ಮೇಲೆ ನಿಂತುಹೋಗಿತ್ತು. ಬೇರೆ ಯಾವ ಮಾತ್ರೆಯನ್ನೂ ಕೇಳದೆ ತೆಗೆದುಕೊಳ್ಳಬಾರದು ಎಂದು ನರರೋಗದ ವೈದ್ಯರು ಹೇಳಿದ್ದರು. ಅವಳು ಅದನ್ನು ಎಷ್ಟು ಪಾಲಿಸುತ್ತಿದ್ದಳೆಂದರೆ, ಕೆಮ್ಮಿನ ಸಿರಪ್ಪಿಗೂ ಅವರ ಕ್ಲಿನಿಕ್ಕಿಗೆ ಫೋನ್ ಮಾಡುತ್ತಿದ್ದಳು. "ಶುಂಠಿ ಕಷಾಯಕ್ಕೂ ಪರ್ಮಿಷನ್ ತಗೋ" ಎಂದು ನಾನು ರೇಗಿಸುತ್ತಿದ್ದೆ. "ನಿಮ್ಮನ್ನ ಕಟ್ಕೊಳ್ಳೋಕೆ ಮುಂಚೆ ತಗೋಬೇಕಿತ್ತು" ಎನ್ನುತ್ತಿದ್ದಳು.

ಅವಳು ಹೊಸೂರು ರಸ್ತೆಯ ಬದಿಯ ಹಳ್ಳಿಯವಳು. ಅವರ ಹೊಲಗಳ ಮೇಲೆ ಈಗ ಕಂಪನಿಗಳು ನಿಂತಿವೆ, ಆದರೆ ಮುಟ್ಟಿನ ಮಡಿ ಹಾಗೇ ಉಳಿದಿದೆ. ಹಬ್ಬ, ಪೂಜೆ, ಮದುವೆ ಹತ್ತಿರ ಬಂದರೆ ಆ ಮನೆಯ ಹೆಂಗಸರೆಲ್ಲ ದಿನ ಮುಂದಕ್ಕೆ ಹಾಕುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದನ್ನು ಔಷಧಿ ಎಂದು ಯಾರೂ ಎಣಿಸುವುದಿಲ್ಲ. ನಾವು ದಾವಣಗೆರೆ ಕಡೆಯ, ಲಿಂಗ ಕಟ್ಟಿಕೊಳ್ಳುವ ಮನೆತನದವರು. ನಮ್ಮಲ್ಲಿ ಮುಟ್ಟಿಗೆ ಸೂತಕವಿಲ್ಲ. ನನಗಂತೂ ಲಿಂಗದ ಮೇಲೂ ನಂಬಿಕೆಯಿಲ್ಲ. ಮದುವೆಯಾದ ಮೇಲೆ ಇದನ್ನೆಲ್ಲ ಅವಳ ಜೊತೆ ಕೂತು ಮಾತಾಡಿದ್ದೆನೋ ಇಲ್ಲವೋ. ನಂಬದವನಿಗೆ ಅದು ಮಾತಾಡುವ ವಿಷಯವೆಂದು ತೋರುವುದೂ ಇಲ್ಲ.

ಗೃಹಪ್ರವೇಶದ ದಿನ ಹಾಲು ಉಕ್ಕಿತು. ಊರಿಂದ ಬಂದಿದ್ದ ಅಮ್ಮ ಅವಳನ್ನೇ ಮುಂದೆ ನಿಲ್ಲಿಸಿಕೊಂಡು ಎಲ್ಲ ಮಾಡಿಸಿದರು. "ನನ್ನ ಮಗ ದೇವ್ರಿಗೆ ಕೈ ಮುಗಿಯಲ್ಲ, ನೀನಾದ್ರೂ ಎರಡು ಸಲ ಮುಗಿಯವ್ವಾ" ಎಂದಾಗ ಅವಳು ನಿಜವಾಗಿಯೂ ಎರಡು ಸಲ ಮುಗಿದು ನಕ್ಕಳು. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ ಸದ್ದು ಕೇಳಿತು. ಫಿಟ್ಸ್ ಬಂದಿತ್ತು. ತಲೆ ನಲ್ಲಿಗೆ ಬಡಿದಿತ್ತು.

ಆಸ್ಪತ್ರೆಯ ಐಸಿಯು ಹೊರಗೆ ಅವಳ ಅಕ್ಕ ಅಳುತ್ತ ತನ್ನ ಕೈಚೀಲದಿಂದ ಒಂದು ಪಟ್ಟಿ ಮಾತ್ರೆ ತೆಗೆದು ಅದೇ ನರರೋಗದ ವೈದ್ಯರಿಗೆ ಕೊಟ್ಟಳು. "ನಾನೇ ಕೊಟ್ಟಿದ್ದು ಸಾರ್. ನಾವೆಲ್ಲಾ ತಗೋತೀವಲ್ಲ, ಏನೂ ಆಗಿಲ್ವಲ್ಲ."

ವೈದ್ಯರು ಹೆಸರು ಓದಿದರು. "ಇದು ಗರ್ಭನಿರೋಧಕ ಮಾತ್ರೆ. ಇದರಲ್ಲಿ ಈಸ್ಟ್ರೋಜನ್ ಇದೆ. ಇದು ಸೇರಿದ್ರೆ ದೇಹ ಲ್ಯಾಮೋಟ್ರಿಜಿನ್ನನ್ನ ಬೇಗ ಹೊರಗೆ ಹಾಕುತ್ತೆ, ರಕ್ತದಲ್ಲಿ ಅದರ ಮಟ್ಟ ಇಳಿದುಬಿಡುತ್ತೆ. ನನಗೆ ಮೊದಲೇ ಹೇಳಿದ್ದಿದ್ರೆ ಬೇರೆ ದಾರಿ ನೋಡಬಹುದಿತ್ತು."

"ಫಿಟ್ಸ್ ಇದರಿಂದಲೇ ಬಂತಾ ಡಾಕ್ಟ್ರೇ?" ಎಂದು ನಾನು ಕೇಳಿದೆ.

"ಖಚಿತವಾಗಿ ಹೇಳಕ್ಕಾಗಲ್ಲ. ಮನೆಯಲ್ಲಿ ಕಾರ್ಯ ಅಂದ್ರೆ ನಿದ್ದೆನೂ ಕೆಟ್ಟಿರುತ್ತೆ."

ಖಚಿತವಲ್ಲದ್ದನ್ನು ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಅಂದು ವೈದ್ಯರ ಆ 'ಖಚಿತವಾಗಿ ಹೇಳಕ್ಕಾಗಲ್ಲ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಂಜೆಯ ಹೊತ್ತಿಗೆ ನನ್ನ ಹೆಂಡತಿ ತೀರಿಹೋದಳು.

ಮಣ್ಣು ಮಾಡಿ ಬಂದು ಕೆಲವು ದಿನಗಳಾದ ಮೇಲೆ, ಊರಿಗೆ ಹೊರಡುವ ಬೆಳಿಗ್ಗೆ, ಅಮ್ಮ ನನ್ನೆದುರು ಬಂದು ಕೂತರು.

"ನಾನು ಬರ್ತೀನಿ ಅಂತ ಅವಳು ಆ ಗುಳಿಗೆ ತಗಂಡ್ಳೇನೋ?"

"ಇಲ್ಲಮ್ಮ. ಅವರ ತವರಲ್ಲಿ ಅದು ಅಭ್ಯಾಸ."

"ಇದು ಅವಳ ತವರು ಅಲ್ಲಪ್ಪ. ನನ್ನ ಮನಸ್ಸಿಗೆ ಗೊತ್ತಾಗಬೇಕು. ಅತ್ತೆ ಏನಂತಾಳೋ ಅಂತ ಹೆದರಿದ್ಲಾ? ನಮ್ಮಲ್ಲಿ ನೋಡಲ್ಲ ಅಂತ ನೀನು ಹೇಳಿರಲಿಲ್ವಾ?"

"ಹೇಳಿದ್ದೆ."

ಆ ಕ್ಷಣ ನನಗೆ ಅದರಲ್ಲಿ ಸ್ವಲ್ಪವೂ ಸಂಶಯವಿರಲಿಲ್ಲ. ಅವಳ ಮುಖ, ಸೀರೆ, ನನ್ನ ನಗು ಎಲ್ಲವೂ ಕಣ್ಣೆದುರಿಗಿದ್ದವು.

ಅಮ್ಮ ನನ್ನನ್ನೇ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ರೆ ಯಾಕೆ ತಗಳ್ತಿದ್ಲು?"

ಅಮ್ಮ ಇನ್ನೊಮ್ಮೆ ಕೇಳುತ್ತಾರೆಂದು ಕಾದೆ. ಅವರು ಎದ್ದು ಬ್ಯಾಗಿನ ಜಿಪ್ಪು ಎಳೆದು, ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದರು.