ಭದ್ರಾವತಿಗೆ ಬಂದ ಕಡಲ ಹಕ್ಕಿ

ನನ್ನ ಮನೆ ಶಿವಮೊಗ್ಗದ ಹೊಸಮನೆಯಲ್ಲಿ, ಕೆಲಸ ಭದ್ರಾವತಿಯ ಒಂದು ಕಾಲೇಜಿನಲ್ಲಿ. ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಹವ್ಯಾಸ ಮಾತ್ರ ಕಡಲ ಹಕ್ಕಿಗಳದು. ಎರಡೂ ಊರಿಗೆ ಹೊಳೆ ಇದೆ, ಕಡಲಿಲ್ಲ. ಈಜು ಬಾರದವನು ದೋಣಿ ಕೊಂಡ ಹಾಗೆ ಎಂದು ಯಜಮಾನರು ನೆಂಟರ ಮುಂದೆ ಹೇಳಿ ನಗಿಸುತ್ತಾರೆ.

ನಮ್ಮದು ಹವ್ಯಾಸಿಗಳ ಒಂದು ಸಣ್ಣ ಗುಂಪು. ವರ್ಷವೆಲ್ಲ ನಡುಗಡಲಿನಲ್ಲೇ ಇರುವ ಕೆಲವು ಹಕ್ಕಿಗಳು ಮುಂಗಾರಿನ ಬಿರುಗಾಳಿಗೆ ಸಿಕ್ಕಿ ದಂಡೆಗೆ ಬಂದು ಬೀಳುತ್ತವೆ. ಅವು ಎಲ್ಲೆಲ್ಲಿ ಸಿಗುತ್ತವೆ ಎಂದು ಕರಾವಳಿಯ ನಕ್ಷೆಯ ಮೇಲೆ ಗುರುತು ಹಾಕುವುದು ನಮ್ಮ ಕೆಲಸ. ಪ್ರತಿಯೊಬ್ಬರಿಗೂ ದಂಡೆಯ ಒಂದೊಂದು ತುಂಡನ್ನು ಹಂಚಿದ್ದಾರೆ. ನನ್ನ ಪಾಲಿನದು ಕುಂದಾಪುರದ ಆಚೆಗಿದೆ. ಮಳೆಗಾಲದ ಭಾನುವಾರಗಳಲ್ಲಿ ಘಟ್ಟ ಇಳಿದು, ತೊಪ್ಪೆಯಾಗಿ ನೆನೆದು, ಮರಳಿನ ಮೇಲೆ ನಡೆಯುತ್ತೇನೆ. ನನಗೆ ಸಿಕ್ಕಿದ್ದು ಹರಿದ ಬಲೆ, ಒಂಟಿ ಚಪ್ಪಲಿ ಮತ್ತು ಕಾಗೆ. ಅಕ್ಕಪಕ್ಕದ ತುಂಡಿನವರಿಗೆಲ್ಲ ಹಕ್ಕಿ ಸಿಗುತ್ತಿತ್ತು.

"ಬೇಜಾರು ಮಾಡ್ಕೊಬೇಡಿ ಮಾರಾಯ್ರೆ, ಏನೂ ಕಾಣಲಿಲ್ಲ ಅನ್ನುವುದೂ ಮಾಹಿತಿಯೇ" ಎಂದು ಗುಂಪಿನ ಸಂಚಾಲಕರು ಸಮಾಧಾನ ಹೇಳುತ್ತಿದ್ದರು. ಅವರು ಕರಾವಳಿಯ ನಿವೃತ್ತ ಎಂಜಿನಿಯರ್. ಅವರ ಮಾತನ್ನು ನಾನು ಮನೆಯಲ್ಲಿ ಹೇಳಿದಾಗ ಅತ್ತೆ ಸೊಪ್ಪು ಸೋಸುತ್ತಿದ್ದರು. "ಇಲ್ಲ ಅಂತ ಹೇಳೋಕೆ ಅಷ್ಟು ದೂರ ಯಾಕೆ ಹೋಗ್ತೀಯ? ಇಲ್ಲೇ ಕೂತ್ಕೊಂಡು ಹೇಳಮ್ಮ" ಎಂದರು.

ಒಂದು ಮುಂಗಾರಿನಲ್ಲಿ ಗಾಳಿ ಮಳೆ ಬಿಡದೆ ಹೊಡೆಯಿತು. ನಿಂತ ದಿನ ಬೆಳಿಗ್ಗೆ ಭದ್ರಾವತಿಯ ನ್ಯೂಟೌನ್‌ನಲ್ಲಿರುವ ನಾದಿನಿಯ ಫೋನ್ ಬಂತು.

"ಅತ್ತಿಗೆ, ನಮ್ಮ ಟೆರೇಸ್ ಮೇಲೆ ಒಂದು ಹಕ್ಕಿ ಬಿದ್ದಿದೆ. ಏಳ್ತಾನೇ ಇಲ್ಲ. ಪಕ್ಕದ ಮನೆಯವರು ಡ್ಯಾಮಿನ ಹಕ್ಕಿ ಅಂತಿದಾರೆ."

ಭದ್ರಾ ಡ್ಯಾಮಿನ ನಡುಗಡ್ಡೆಯಲ್ಲಿ ಮರಿ ಮಾಡುವ ಹೊಳೆ ರೀವಗಳು, ಅಂದರೆ ರಿವರ್ ಟರ್ನ್ ಹಕ್ಕಿಗಳು, ಇಲ್ಲಿ ಎಲ್ಲರಿಗೂ ಗೊತ್ತು. ನಾನೂ ಅದೇ ಇರಬೇಕು ಎಂದುಕೊಂಡೆ.

"ಕೊಕ್ಕು ಹಳದಿ ಇದೆಯಾ?"

"ಇಲ್ಲ ಅತ್ತಿಗೆ, ಕಪ್ಪು. ಬೆನ್ನೂ ಕಪ್ಪು, ಮಸಿ ಬಳಿದ ಹಾಗೆ. ಹೊಟ್ಟೆ ಮಾತ್ರ ಬಿಳಿ."

ಕೈಯಲ್ಲಿದ್ದ ಕಾಫಿಯನ್ನು ಅಲ್ಲೇ ಇಟ್ಟು ಬಸ್ ಹತ್ತಿದೆ. ಮಲವಗೊಪ್ಪದ ಹತ್ತಿರ ಮರ ಬಿದ್ದು ಬಸ್ ನಿಂತುಕೊಂಡಿತು. ಹಕ್ಕಿ ಚೇತರಿಸಿಕೊಳ್ಳಲಿ, ಆದರೆ ನಾನು ಹೋಗುವವರೆಗೆ ಹಾರದಿರಲಿ ಎಂದು ಕೂತಲ್ಲೇ ಬೇಡಿಕೊಂಡೆ.

ಹೋಗಿ ನೋಡಿದರೆ ನಾದಿನಿ ಅದನ್ನು ಬಟ್ಟೆ ನೆನೆಸುವ ಟಬ್ಬಿನಲ್ಲಿ ಕೂರಿಸಿದ್ದಳು. ಟಬ್ಬಿನ ತುಂಬ ನೀರು.

"ಕಡಲ ಹಕ್ಕಿ ಇದ್ರೂ ಇರಬಹುದು ಅಂತ ಎರಡು ಹಿಡಿ ಕಲ್ಲುಪ್ಪು ಹಾಕಿದೀನಿ" ಎಂದಳು.

ಅದು ಕಡಲ ಹಕ್ಕಿಯೇ. ಹಣೆಯ ಮೇಲೆ ಬಿಳಿ ಪಟ್ಟೆ, ಕವಲು ಬಾಲ, ಕಡ್ಡಿಯಂಥ ಕಪ್ಪು ಕೊಕ್ಕು. ಮಸಿಬೆನ್ನಿನ ಕಡಲ ರೀವ. ನಾನು ಅಷ್ಟು ಮಳೆಗಾಲ ಮರಳು ತುಳಿದು ಹುಡುಕಿದ ಹಕ್ಕಿ, ಘಟ್ಟ ಹತ್ತಿ ಬಂದು ನಾದಿನಿಯ ಟಬ್ಬಿನಲ್ಲಿ ಕೂತಿತ್ತು. ಎರಡೂ ಕೈಯಲ್ಲಿ ಎತ್ತಿಕೊಂಡೆ. ಅದು ನನ್ನ ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿತು.

ಫೋಟೊ ಕಳಿಸಿದ ತಕ್ಷಣ ಸಂಚಾಲಕರು ಫೋನ್ ಮಾಡಿದರು. "ಎಲ್ಲಿ ಸಿಕ್ಕಿತು ಮೇಡಂ?"

"ಭದ್ರಾವತಿಯಲ್ಲಿ."

"ಅದು ನಿಮ್ಮ ಡ್ಯಾಮಿನದ್ದು ಅಲ್ವಾ ಮಾರಾಯ್ರೆ? ಸರೀ ನೋಡಿ."

ಊರಿನ ಪಶುವೈದ್ಯರು ಬಂದು ರೆಕ್ಕೆ ಬಿಡಿಸಿ ನೋಡಿದರು. ಮುರಿದಿಲ್ಲ, ಹಸಿದು ಸೋತಿದೆ, ಮೀನು ಕೊಡಿ ಎಂದರು. ಅರಣ್ಯ ಇಲಾಖೆಯವರಿಗೆ ತಿಳಿಸಿದೆ. ಸುಧಾರಿಸಿದ ಮೇಲೆ ಕಡಲಿಗೇ ಬಿಡಿ ಎಂದು ಒಪ್ಪಿಗೆ ಕೊಟ್ಟರು. ನಾದಿನಿಯ ಮನೆಯಲ್ಲಿ ಬೆಕ್ಕಿತ್ತು, ಹಾಗಾಗಿ ಹಕ್ಕಿಯನ್ನು ಹೊಸಮನೆಗೆ ಒಯ್ಯಬೇಕಾಯಿತು. ಅಲ್ಲಿ ಬೆಕ್ಕಿರಲಿಲ್ಲ, ಅತ್ತೆ ಇದ್ದರು.

ನಮ್ಮದು ಬೆಳಿಗ್ಗೆ ಲಿಂಗಪೂಜೆಯಾಗದೆ ಯಾರೂ ತಿಂಡಿಗೆ ಕೂರದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ನಾನು ದಾರಿಯಲ್ಲಿ ಜೀವನದಲ್ಲೇ ಮೊದಲ ಸಲ ಮೀನಂಗಡಿ ಹೊಕ್ಕೆ. "ಫ್ರೈಗಾ ಅಕ್ಕ, ಸಾರಿಗಾ?" ಎಂದು ಅಂಗಡಿಯವನು ಕೇಳಿದ. ಹಕ್ಕಿಗೆ ಎಂದೆ. ಮೊದಲ ಸಲ ಬರುವವರೆಲ್ಲ ಹೀಗೇ ಏನಾದರೊಂದು ಹೇಳುತ್ತಾರೆ ಎನ್ನುವ ಹಾಗೆ ನಕ್ಕು, ಸಣ್ಣ ಬೂತಾಯಿ ಮೀನು ಕಟ್ಟಿಕೊಟ್ಟ.

ರಟ್ಟಿನ ಪೆಟ್ಟಿಗೆಯನ್ನು ನೋಡಿ ಅತ್ತೆ, "ನೆನೆಸಿದ ಕಡ್ಲೆಬೇಳೆ ತಿನ್ನಲ್ವಾ?" ಎಂದರು.

"ಇಲ್ಲ ಅತ್ತೆ. ಮೀನೇ ಬೇಕು."

"ಅನ್ನ ಮೊಸರು?"

"ಇಲ್ಲ."

ಅವರು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಹಕ್ಕಿ ಕಣ್ಣು ಮುಚ್ಚಿ ಕೂತಿತ್ತು. "ಟೆರೇಸ್ ಮೇಲೆ ಇಟ್ಕೊ. ಮೀನು ಕತ್ತರಿಸಿದ ಕತ್ತರಿ ಮತ್ತೆ ಕೆಳಗೆ ಬರಬಾರ್ದು" ಎಂದರು.

ಮೇಲೆ ಶೀಟಿನ ಕೆಳಗೆ ಕೂತು ಮೀನಿನ ತುಂಡು ಹಿಡಿದೆ. ಹಕ್ಕಿ ಮುಖ ತಿರುಗಿಸಿತು. ವಾಸನೆಗೆ ನಾನೂ ಮುಖ ತಿರುಗಿಸಿಕೊಂಡೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅತ್ತೆ ಸೆರಗು ಮೂಗಿಗೆ ಕಟ್ಟಿಕೊಂಡು ಮೇಲೆ ಬಂದರು.

"ಮಗೂಗೆ ಹಾಗಾ ತಿನ್ನಿಸೋದು? ಬಾಯಿ ಬಿಡಿಸು. ನಿನ್ನ ಗಂಡನಿಗೆ ಹರಳೆಣ್ಣೆ ಕುಡಿಸಿದ ಕೈ ಇದು, ಕೊಡು ಇಲ್ಲಿ."

ಅತ್ತೆ ಕೊಕ್ಕು ಬಿಡಿಸಿದರು, ನಾನು ತುಂಡು ಹಾಕಿದೆ. ಎರಡನೆಯದು ಗಂಟಲಿಗಿಳಿಯಿತು. ಆಮೇಲೆ ಹಕ್ಕಿ ತಾನಾಗಿಯೇ ಕೊಕ್ಕು ಚಾಚಿತು. "ನೋಡು, ತಿಂತು!" ಎಂದು ಅತ್ತೆ ಕೂಗಿದ್ದು ಕೆಳಗಿನ ರಸ್ತೆಗೆ ಕೇಳಿರಬೇಕು. ಆಮೇಲೆ ತಲೆಗೆ ನೀರು ಹಾಕಿಕೊಂಡು, ಎರಡನೇ ಸಲ ಪೂಜೆಗೆ ಕೂತರು. ಸಂಜೆ ಮತ್ತೆ ತಿನ್ನಿಸಿ, ಮತ್ತೆ ನೀರು ಹಾಕಿಕೊಂಡರು.

ಮಾರನೆಯ ದಿನ ಯಜಮಾನರು ಕಾರು ತೆಗೆದರು. ಅತ್ತೆಯೂ ಹೊರಟರು. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಘಾಟಿಯ ಪ್ರತಿ ತಿರುವಿನಲ್ಲೂ "ನಿಧಾನ, ಒಳಗೆ ಜೀವ ಇದೆ" ಎನ್ನುತ್ತಿದ್ದರು. ನಾವು ಮೂವರೂ ಸೇರಿ ಅಷ್ಟು ದೂರ ಹೋಗಿ ಬಹಳ ವರ್ಷವಾಗಿತ್ತು.

ನನಗೆ ಗುರುತಿದ್ದ ದಂಡೆ ನನ್ನ ಪಾಲಿನದೇ, ಅಲ್ಲಿಗೇ ಹೋದೆವು. ಪೆಟ್ಟಿಗೆ ಬಿಚ್ಚಿದರೆ ಹಕ್ಕಿ ಮರಳಿನ ಮೇಲೆ ಸುಮ್ಮನೆ ನಿಂತಿತು. ಎಲ್ಲಿಂದಲೋ ಎರಡು ಕಾಗೆ ಬಂದವು. ಅತ್ತೆ ಕೊಡೆ ಬೀಸುತ್ತ ಅವುಗಳ ಹಿಂದೆ ಓಡಿದರು. ಆ ಗಲಾಟೆಗೆ ಹಕ್ಕಿ ರೆಕ್ಕೆ ಬಿಡಿಸಿ, ಗಾಳಿಗೆ ಎದುರಾಗಿ ಎದ್ದು, ಅಲೆಗಳ ಮೇಲೆ ತಗ್ಗಾಗಿ ಹಾರಿ ಹೋಯಿತು. ನನ್ನ ಬೈನಾಕ್ಯುಲರ್ ಕಾರಿನಲ್ಲೇ ಉಳಿದಿತ್ತು. ಇದ್ದರೂ ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ.

ಆ ವರ್ಷದ ನಕ್ಷೆ ಬಂದಾಗ ನನ್ನ ತುಂಡಿನ ಮೇಲೆ ಮೊದಲ ಬಾರಿಗೆ ಒಂದು ಕೆಂಪು ಚುಕ್ಕೆ ಇತ್ತು.

"ಇದು ತಪ್ಪು ಸರ್. ಅದು ಅಲ್ಲಿಗೆ ಬಂದದ್ದಲ್ಲ, ನಾವೇ ಕಾರಲ್ಲಿ ತಂದದ್ದು."

"ಭದ್ರಾವತಿ ಎಲ್ಲಿ ಹಾಕೋದು ಮೇಡಂ? ನಮ್ಮ ಕಾಗದ ಘಟ್ಟದ ಬುಡಕ್ಕೇ ಮುಗೀತದೆ. ಆ ದಂಡೇಲಿ ನೀವು ಹಕ್ಕಿ ನೋಡಿದ್ದು ಹೌದಲ್ವಾ?"

ಒಂದು ವಾರ ವಾದ ಮಾಡಿದೆ. ಕೊನೆಗೆ ಅವರು ಒಪ್ಪಿ ಚುಕ್ಕೆ ಅಳಿಸಿದರು. ಹೀಗೆ ನಾನು ಕಂಡ ಏಕೈಕ ಅಪರೂಪದ ಹಕ್ಕಿ ನಮ್ಮ ನಕ್ಷೆಯ ಪ್ರಕಾರ ಎಲ್ಲಿಯೂ ಕಂಡಿಲ್ಲ. ವಾದದಲ್ಲಿ ಗೆದ್ದವಳು ನಾನೇ.

ಈಗಲೂ ಗಾಳಿ ಜೋರಾದ ದಿನ ಅತ್ತೆ ಕಿಟಕಿ ಮುಚ್ಚುತ್ತ ಕೇಳುತ್ತಾರೆ: "ಅದು ಈಗ ಎಲ್ಲಿರುತ್ತೆ?"

"ಗೊತ್ತಿಲ್ಲ ಅತ್ತೆ. ನಡುಗಡಲಲ್ಲಿ ಎಲ್ಲೋ."

"ಹೊಟ್ಟೆಗೆ ಸಿಗ್ತಿರುತ್ತೆ ಬಿಡು" ಎಂದು ಅವರೇ ಹೇಳಿಕೊಂಡು ಚಿಲಕ ಹಾಕುತ್ತಾರೆ.