ಪಾಲು ಹಾಕುವ ಮುಂಚೆ

ನಮ್ಮ ಮನೆಗೆ ಮೀನು ತರುತ್ತಿದ್ದವಳ ಗಂಡನನ್ನು ಪೊಲೀಸರು ಹಿಡಿದದ್ದು ಶಿವರಾತ್ರಿಯ ಹಿಂದಿನ ದಿನ, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ. ಅವನ ಕೈಲಿದ್ದ ಚೀಲದಲ್ಲಿ ಮೇಲೆ ಉಪವಾಸಕ್ಕೆಂದು ಕೊಂಡ ಗೆಣಸು, ಕೆಳಗೆ ಗಾಂಜಾ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಕಾರವಾರದ ಹುಡುಗಿ, ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಅಂಕೋಲೆಗೆ ಬಂದು ಆಗಲೇ ಹಲವು ವರ್ಷಗಳಾಗಿದ್ದವು. ನಮ್ಮ ಮನೆಯ ಹಿಂದಿನ ಗೇಟು ತೆಗೆದರೆ ಕಡಲಿಗೆ ಹೋಗುವ ಮರಳು ದಾರಿ. ಆ ದಾರಿಯಲ್ಲೇ ಅವಳು ಬುಟ್ಟಿ ಹೊತ್ತು ಬರುತ್ತಿದ್ದಳು. ನಾನು ಕಾರವಾರದವಳು ಅಂತ ಗೊತ್ತಾದ ಮೇಲೆ 'ಅಮ್ಮ' ಬಿಟ್ಟು, ಅಲ್ಲಿನವರ ಹಾಗೆ 'ಬಾಯಿ' ಎಂದು ಕರೆಯತೊಡಗಿದ್ದಳು.

ಹಬ್ಬ ಕಳೆದು ಬಂದಾಗ ಬುಟ್ಟಿ ಇಳಿಸದೆ ಬಾಗಿಲಲ್ಲಿ ನಿಂತಳು. ಬುಟ್ಟಿಯಿಂದ ನೀರು ತೊಟ್ಟಿಕ್ಕಿ ಅವಳ ಹೆಗಲು ತೋಯುತ್ತಿತ್ತು.

"ಪಾಲ್ ಹಾಕೂಕಿಂತ ಮುಂಚೆ ಹಿಡ್ದ್ರಲ್ಲಾ ಬಾಯಿ," ಅಂದಳು. "ಹಾಕದ್ ಮೇಲೆ ಬಂದಿದ್ರೆ ಯಾರ್ ಕೈಲೂ ಎಂತದೂ ಸಿಕ್ತಿರ್ಲಿಲ್ಲ."

ಅವಳ ಗಂಡ ರಂಪಣಿ ಬಲೆಯವನು. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಸುತ್ತುಬಳಸಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ ಅದು. ಒಬ್ಬನ ಸೊತ್ತಲ್ಲ, ಇಡೀ ಕೇರಿಯದು. ಮನೆಗೊಂದು ತುಂಡು ಬಲೆ, ಹಗ್ಗಕ್ಕೆ ಮನೆಗೊಬ್ಬ ಆಳು, ಬಂದ ಮೀನಿನಲ್ಲಿ ಮನೆಗೊಂದು ಪಾಲು. ಬಲೆಯ ಹಿರಿಯನಿಗೆ ತಾಂಡೇಲ ಅನ್ನುತ್ತಾರೆ. ಅವನು ಮರಳ ಮೇಲೆ ಮೀನನ್ನು ರಾಶಿ ರಾಶಿ ಹಾಕಿದ ಮೇಲೆಯೇ ಒಬ್ಬೊಬ್ಬರೂ ತಮ್ಮದನ್ನು ಎತ್ತುವುದು. ಅದಕ್ಕೆ ಮೊದಲು ಒಂದು ತಾರ್ಲೆ ಮೀನನ್ನೂ ಯಾರೂ ಮುಟ್ಟುವಂತಿಲ್ಲ. ಅವರಲ್ಲಿ ಎಲ್ಲವೂ ಹೀಗೆಯೇ. ದೇವರಿಗೆ ಒಡೆದ ಕಾಯಿಯೂ ಪಾಲು, ದೋಣಿಗೆ ಬಳಿಯುವ ಎಣ್ಣೆಯೂ ಪಾಲು. ಶಿವರಾತ್ರಿಯ ಗಾಂಜಾವೂ ಅಷ್ಟೆ. ಗೋಕರ್ಣಕ್ಕೆ ನಡೆದು ಹೋಗುವ ಬಾವಾಗಳು, ಅಂದರೆ ಅಲೆಮಾರಿ ಸಾಧುಗಳು, ಅವರ ಬಲೆಯ ಚಪ್ಪರದಲ್ಲಿ ಒಂದು ರಾತ್ರಿ ತಂಗುವುದು ಹಿಂದಿನಿಂದ ಬಂದ ರೂಢಿ. ಬಾವಾಗಳಿಗೆ ಚಿಲುಮೆ ತುಂಬಿಸಿ ಕೊಟ್ಟು, ಉಳಿದದ್ದನ್ನು ಬಲೆಯವರು ಪ್ರಸಾದದ ಹಾಗೆ ಹಂಚಿಕೊಳ್ಳುತ್ತಿದ್ದರು. ತಂದು ಕೊಡುವ ಸರದಿ ವರ್ಷಕ್ಕೊಂದು ಮನೆಯದು. ಆ ವರ್ಷ ಅವನದಾಗಿತ್ತು.

ನನ್ನ ಗಂಡನ ಸ್ನೇಹಿತರೊಬ್ಬರು ಕಾರವಾರದ ಕೋರ್ಟಿನಲ್ಲಿ ವಕೀಲರು. ಭಾನುವಾರ ಊಟಕ್ಕೆ ಬಂದಾಗ ನಾನು ಬಡಿಸುತ್ತಲೇ ಕೇಳಿದೆ. ಅವರು ಬಂಗಡೆಯ ಮುಳ್ಳನ್ನು ತಟ್ಟೆಯ ಅಂಚಿಗೆ ಒಂದರ ಪಕ್ಕ ಒಂದು ಜೋಡಿಸುತ್ತ ಹೇಳಿದರು. ಹೊಸ ಕಾಯ್ದೆ ಬಹಳ ಬಿಗಿ. ಸೇದುವುದಕ್ಕೆ ಇಟ್ಟುಕೊಂಡಷ್ಟೇ ಸಿಕ್ಕರೆ ಸಣ್ಣ ಶಿಕ್ಷೆ. ಅದಕ್ಕಿಂತ ಹೆಚ್ಚು ಒಬ್ಬನ ಕೈಯಲ್ಲಿ ಸಿಕ್ಕರೆ ಅವನನ್ನು ವ್ಯಾಪಾರಿ ಎಂದೇ ಹಿಡಿಯುತ್ತಾರೆ, ವರ್ಷಗಟ್ಟಲೆ ಜೈಲು. ವಿಚಾರಣೆ ಮುಗಿಯುವವರೆಗೆ ಜಾಮೀನು ಸಿಗುವುದೂ ಕಷ್ಟ.

"ಅದು ಅವನೊಬ್ಬನದಲ್ಲವಲ್ಲ? ಹಂಚಿದ್ದರೆ ತಲೆಗೊಂದು ಚಿಟಿಕೆ," ಅಂದೆ.

"ಹಂಚಿರ್ಲಿಲ್ಲವಲ್ಲ ವೈನಿ. ಕಾಯ್ದೆ ಕೈ ನೋಡ್ತದೆ, ಕೇರಿ ನೋಡೂದಿಲ್ಲ."

"ಉಳಿದವರೆಲ್ಲ ಬಂದು, ಇದರಲ್ಲಿ ನಮ್ಮದೂ ಉಂಟು ಅಂದರೆ?"

"ಅಂದ್ರೆ ಅವ್ರೂ ಒಳಗೆ ಹೋಗ್ತಾರೆ. ಇಂವ ಹೊರಗೆ ಬರೂದಿಲ್ಲ." ಆಮೇಲೆ ಸಾರು ಕೇಳಿದರು.

ಆ ದಿನದಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅದೇ ಮಾತು. ನನ್ನ ಮಾವ ಬೊಂಬಾಯಿ ಸರಕಾರದ ಕಾಲದಲ್ಲಿ ಅಬಕಾರಿ ಖಾತೆಯಲ್ಲಿದ್ದವರು. ಆಗ ಗಾಂಜಾ ಮಾರಲು ಸರಕಾರವೇ ಅಂಗಡಿಗಳಿಗೆ ಪರವಾನಗಿ ಕೊಡುತ್ತಿತ್ತಂತೆ. "ಪೊಟ್ಟಣಕ್ಕೆ ಅರಗಿನ ಮೊಹರು ಹೊಡೀತಿದ್ದವ ನಾನೇ ತಂಗೀ. ಸುಟ್ಟ ಅರಗಿನ ವಾಸನೆ ಅಂಗಿಯಿಂದ ಹೋಗ್ತಿರ್ಲಿಲ್ಲ. ಸರಕಾರ ಮಾರಿದ್ರೆ ಮಾಲು, ಮೀನಿನವ ಹಿಡ್ಕೊಂಡ್ರೆ ವಿಷವೋ?"

"ಅಪ್ಪಾ, ಆಗ ಬೊಂಬಾಯಿಯಿಂದ ಹಡಗೂ ಬರ್ತಿತ್ತು, ಈಗ ಬರ್ತದೋ?" ನನ್ನ ಗಂಡ ಅನ್ನುತ್ತಿದ್ದರು. ಬ್ಯಾಂಕಿನ ಕೆಲಸದವರು, ಏರುದನಿ ಗೊತ್ತಿಲ್ಲದವರು. ಆದರೆ ಈ ವಿಷಯ ಬಂದರೆ ಅನ್ನ ಕಲಸುವ ಕೈ ನಿಂತುಬಿಡುತ್ತಿತ್ತು. ಅವರ ಚಿಕ್ಕಪ್ಪನ ಮಗ ಓದಲೆಂದು ಗೋವೆಗೆ ಹೋದವನು ಎರಡನೆಯ ವರ್ಷಕ್ಕೆ ಮರಳಿ ಬಂದಿದ್ದ. ಈಗಲೂ ಜಗಲಿಯ ಕಂಬಕ್ಕೆ ಒರಗಿ ಕೂತು, ಯಾರು ಕರೆದರೂ ತಿರುಗಿ ನೋಡುತ್ತಿರಲಿಲ್ಲ. "ಅವನ ಕೈಗೆ ಅದನ್ನು ಕೊಟ್ಟವನನ್ನೂ ಯಾರೋ ಹೀಗೇ ಪಾಪ ಅಂದಿರಬೇಕು."

"ಅಂವಗೆ ಕೊಟ್ಟದ್ದು ಇದೇ ಅಂತ ನಿಂಗೆ ಯಾರು ಹೇಳಿದ್ರು? ಬಿಳೀ ಪುಡಿಯೋ ಎಂತದೋ."

"ಶುರುವಾದದ್ದು ಇದ್ರಿಂದ್ಲೇ."

ಶಾಲೆಯಲ್ಲಿ ನಮಗೂ ಚರ್ಚಾಸ್ಪರ್ಧೆ ಇತ್ತು. ಪರ ಮಾತಾಡಿದವರು ಕೂತ ಮೇಲೆ ವಿರೋಧದವರು ಏಳಬೇಕು, ಹೊತ್ತು ಮುಗಿದರೆ ಸಿಸ್ಟರ್ ಗಂಟೆ ಹೊಡೆಯುತ್ತಿದ್ದರು. ಮನೆಯಲ್ಲಿ ಗಂಟೆ ಹೊಡೆಯುವವರಿರಲಿಲ್ಲ. ನನಗೆ ಇಬ್ಬರ ಮಾತೂ ಸರಿ ಅನಿಸುತ್ತಿತ್ತು, ಹಾಗಾಗಿಯೇ ಬೇಗ ದಣಿವಾಗುತ್ತಿತ್ತು. ಮಜ್ಜಿಗೆ ಬಡಿಸಿ ಒಳಗೆ ಹೋಗುತ್ತಿದ್ದೆ.

ಆದರೆ ಹಿಂಬಾಗಿಲಿನಲ್ಲಿ ಕೂತವಳಿಗೆ ಕಾಯ್ದೆಯ ಚಿಂತೆ ಅಷ್ಟಿರಲಿಲ್ಲ. ಬಲೆಯಲ್ಲಿ ಗಂಡನ ಪಾಲು ಉಳಿಯುತ್ತದೋ ಇಲ್ಲವೋ ಎಂಬುದೇ ಅವಳ ಚಿಂತೆ. ಬಲೆಯಿಂದ ಹೆಸರು ಹೋದರೆ ಮನೆಗೆ ಮೀನಿಲ್ಲ, ಮಾರಲು ಬುಟ್ಟಿಯಿಲ್ಲ. ಅಷ್ಟೇ ಅಲ್ಲ, ಒಮ್ಮೆ ಹೊರಗಾದ ಮನೆಯನ್ನು ಮತ್ತೆ ಒಳಗೆ ತೆಗೆದುಕೊಂಡದ್ದನ್ನು ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಮನೆಯಲ್ಲಿ ಎರಡು ಸಣ್ಣ ಹೆಣ್ಣುಮಕ್ಕಳು, ಕಣ್ಣು ಕಾಣದ ಅತ್ತೆ.

ಬಲೆಯವರು ಚಪ್ಪರದಲ್ಲಿ ಕೂಡಿದ ದಿನದ ಕತೆಯನ್ನು ಅವಳೇ ಹೇಳಿದಳು, ನನ್ನ ಅಡಿಗೆಮನೆಯ ಮೆಟ್ಟಿಲ ಮೇಲೆ ಶೆಟ್ಲಿಯ, ಅಂದರೆ ಸಿಗಡಿಯ, ತಲೆ ಮುರಿದು ಸಿಪ್ಪೆ ಸುಲಿಯುತ್ತ. ಕಾಯಿಲೆ ಬಿದ್ದವನಿಗೆ ಪಾಲು ಕೊಡುವ ರೂಢಿ ಉಂಟು. ಊರು ಬಿಟ್ಟು ಹೋದವನಿಗೆ ಇಲ್ಲ. ಜೈಲಿಗೆ ಹೋದವನು ಯಾವುದರಲ್ಲಿ ಬರುತ್ತಾನೆ?

"ಒಬ್ಬ ಹೇಳ್ದ, ಜೈಲು ಅಂದ್ರೆ ಊರು ಬಿಟ್ಟಾಂಗೇ ಲೆಕ್ಕ ಅಂತ. ನಾ ಕೇಳ್ದೆ, ಅಂವ ಬಿಟ್ಟು ಹೋದದ್ದಾ, ನೀವು ಕಳ್ಸದ್ದಾ? ಎಲ್ರೂ ಮರಳು ನೋಡೂಕೆ ಹಿಡ್ದ್ರು."

"ಆಮೇಲೆ?"

"ಇನ್ನೊಬ್ಬ, ಅಂವಗೂ ಸೇದೂ ಚಟ ಇತ್ತಲ್ಲಾ ಅಂದ. ಇತ್ತು, ನಿಂಗೆ ಇಲ್ಯಾ? ಹೋದ ವರ್ಷ ಚಿಲುಮೆ ಹಿಡ್ಕಂಡು ದೋಣೀಲಿ ಬಿದ್ಕಂಡಿದ್ದವ ಯಾರು, ನಿನ್ನ ಅಜ್ಜನಾ ಅಂದೆ." ಅವಳಿಗೇ ನಗು ಬಂತು. ಬೇಗ ನಿಂತೂ ಹೋಯಿತು. "ತಾಂಡೇಲ ಕಡೀಗೆ ಹೇಳ್ದ. ಹಗ್ಗದ ಮೇಲೆ ಆ ಮನೀ ಕೈ ಇರ್ಬೇಕು. ಕೈ ಇದ್ರೆ ಪಾಲು, ಇಲ್ದಿದ್ರೆ ಇಲ್ಲ. ಗಂಡುಮಕ್ಕಳಿಲ್ಲಲೇ ನಿನ್ನ ಮನೇಲಿ, ಯಾರನ್ನ ಕಳಸ್ತೆ ಅಂದ."

"ನೀನು ಏನಂದೆ?"

ಅವಳು ಸಿಪ್ಪೆ ಮೆತ್ತಿದ ಎರಡೂ ಅಂಗೈ ಎತ್ತಿ ತೋರಿಸಿದಳು. "ಇವು ಎಂತದು, ಬಾಳೇಕಾಯಾ ಅಂತ ಕೇಳ್ದೆ."

ಹೆಂಗಸರು ದಡದಲ್ಲಿ ಮೀನು ಆರಿಸುತ್ತಿದ್ದರು, ಮಾರುತ್ತಿದ್ದರು. ಆ ಬಲೆಯ ಹಗ್ಗಕ್ಕೆ ಹೆಂಗಸು ನಿಂತದ್ದು ಅದೇ ಮೊದಲು. ಮಳೆಗಾಲ ಮುಗಿದು ಬಲೆ ಇಳಿದಾಗ ಅವಳು ಸೀರೆಯನ್ನು ಮೊಣಕಾಲಿಗೆ ಕಟ್ಟಿ, ಸಾಲಿನ ಕೊನೆಯಲ್ಲಿ ಗಂಡನ ಜಾಗದಲ್ಲಿ ನಿಂತಳು. ನಾನು ಬೆಳಿಗ್ಗೆ ಮೀನಿಗೆಂದು ಹೋದಾಗ ನೋಡುತ್ತಿದ್ದೆ. ಮೊದಮೊದಲು ಅವಳ ಹಿಮ್ಮಡಿ ಮರಳಲ್ಲಿ ಜಾರುತ್ತಿತ್ತು, ಗಂಡಸರ "ಹೋ" ಎಂಬ ದನಿಗಿಂತ ಅವಳ ಎಳೆತ ಒಂದು ಗಳಿಗೆ ಹಿಂದೆ ಬೀಳುತ್ತಿತ್ತು. ಆಮೇಲೆ ಸರಿಹೋಯಿತು. ಅಂಗೈಯ ಬೊಬ್ಬೆ ಒಡೆದು, ಆರಿ, ಮತ್ತೆ ಎದ್ದು, ಕೊನೆಗೆ ಚರ್ಮವೇ ಬೇರೆ ಬಣ್ಣಕ್ಕೆ ತಿರುಗಿತು. ನಾನು ಕೊಟ್ಟ ತೆಂಗಿನೆಣ್ಣೆಯನ್ನು ಕೈಗೆ ಹಚ್ಚದೆ ಮಗಳ ತಲೆಗೆ ಹಚ್ಚಿದ್ದಳು. ಕೇಳಿದರೆ, "ಕೈ ಮೆತ್ತಗಾದ್ರೆ ಮತ್ತೂ ಉರೀತದೆ ಬಾಯಿ."

ಹಗ್ಗಕ್ಕೆ ಸಿಕ್ಕಿ ಒಡೆಯುತ್ತವೆಂದು ಗಾಜಿನ ಬಳೆಗಳನ್ನು ತೆಗೆದಿಟ್ಟಿದ್ದಳು. ಮೀನುಪೇಟೆಯಲ್ಲಿ ಇನ್ನೊಬ್ಬಳು ನನ್ನೆದುರಿಗೇ ಅಂದಳು, "ಎಂತದೇ, ಗಂಡ ಜೀವಂತ ಇದ್ದಾಂಗೇ ಬಳೆ ತೆಗದ್ಯಾ?"

"ಇದ್ದಾನೆ ಅಂತಲೇ ತೆಗ್ದದ್ದು. ಇಲ್ದಿದ್ರೆ ನಂಗೆ ಹಗ್ಗ ಯಾರ್ ಕೊಡ್ತ್ರು?"

ತವರುಮನೆಗೆ ಹೋಗುವ ನೆಪದಲ್ಲಿ ಒಮ್ಮೆ, ಗಂಡನನ್ನು ನೋಡಲು ಜೈಲಿಗೆ ಹೊರಟ ಅವಳೊಡನೆ ನಾನೂ ಕಾರವಾರದ ಬಸ್ಸು ಹತ್ತಿದೆ. ಕಿಟಕಿಯ ಬದಿ ನನಗೆ ಬಿಟ್ಟು ಮಡಿಲಲ್ಲಿ ಚಪಾತಿಯ ಗಂಟು ಇಟ್ಟುಕೊಂಡು ಕೂತಳು. ಅರ್ಗಾದಲ್ಲಿ ನೌಕಾನೆಲೆಗೆಂದು ಸರಕಾರ ತೆಗೆದುಕೊಳ್ಳುವ ಜಾಗಕ್ಕೆ ನೆಟ್ಟ ಗಡಿಕಲ್ಲುಗಳ ಬಗ್ಗೆ ಬಸ್ಸಿನಲ್ಲಿ ಯಾರೋ ಜಗಳವಾಡುತ್ತಿದ್ದರು.

ಜೈಲಿನ ಜಾಲರಿಯ ಆಚೆ ಅವನು ಬಂದು ನಿಂತ. ದಡದಲ್ಲಿ ಎಷ್ಟೋ ಸಲ ನೋಡಿದ್ದರೂ ಗುರುತು ಸಿಗಲಿಲ್ಲ. ಬಿಸಿಲಿಲ್ಲದೆ ಮುಖ ಬೆಳ್ಳಗಾಗಿತ್ತು. ಕೆಮ್ಮು. ಮಕ್ಕಳ ವಿಷಯ ಕೇಳಿದ, ತಾಯಿಯ ವಿಷಯ ಕೇಳಿದ. ಆಮೇಲೆ ದನಿ ಇಳಿಸಿ, "ಪಾಲು ಬತ್ತದಾ?" ಅಂದ.

"ಬತ್ತದೆ."

"ತಾಂಡೇಲ ಮಾತು ಉಳಿಸ್ಕಂಡ. ನನ್ನ ಹೆಸ್ರಲ್ಲೇ ಅಲ್ಲಾ?"

"ನಿನ್ನ ಹೆಸ್ರಲ್ಲೇ."

ಅವನ ಮುಖ ಸ್ವಲ್ಪ ಸಡಿಲವಾಯಿತು. ಅವಳು ಅಷ್ಟು ಹೊತ್ತೂ ಎರಡು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದಳು. ಚಪಾತಿಯ ಗಂಟನ್ನು ಪೊಲೀಸಿನವನಿಗೆ ಕೊಡಲು ನನ್ನ ಕೈಗೆ ಜಾರಿಸಿದಳು.

ಹೊರಗೆ ಬಂದು ಮರದ ನೆರಳಲ್ಲಿ ನಿಂತಾಗ ನಾನು ಕೇಳಿದೆ, "ಹಗ್ಗಕ್ಕೆ ನೀನು ನಿಂತದ್ದು ಹೇಳಬಾರದೇ?"

"ಅಂವ ಅಲ್ಲಿ ಕೂತು ಅದನ್ನೇ ನೆನಸ್ಕಂಡು ಅಳ್ತ. ಬೇಡ ಬಾಯಿ. ನಾಕು ಜನ ನನ್ನ ಮಾನ ಉಳಿಸ್ರು ಅಂತ ಉಣ್ಲಿ."

ಮುಂದೆ ಬರೀ ತಾರೀಖುಗಳು. ಒಮ್ಮೆ ಬೆಂಗಳೂರಿನ ಪ್ರಯೋಗಾಲಯದಿಂದ ವರದಿ ಬರಲಿಲ್ಲ, ಒಮ್ಮೆ ಸಾಕ್ಷಿ ಬರಲಿಲ್ಲ, ಒಮ್ಮೆ ನ್ಯಾಯಾಧೀಶರಿಗೆ ವರ್ಗವಾಯಿತು. ಪ್ರತಿ ತಾರೀಖಿಗೂ ಅವಳು ಕೋರ್ಟಿನ ಜಗಲಿಯಲ್ಲಿ ಕೂತು ಬರುತ್ತಿದ್ದಳು, ಮರುದಿನ ಬೆಳಿಗ್ಗೆ ಹಗ್ಗದ ಮೇಲೆ ಇರುತ್ತಿದ್ದಳು. ಬಲೆಯವರು ಶಿವರಾತ್ರಿಗೆ ಬಾಳೆಹಣ್ಣು, ಹಾಲು ಇಟ್ಟು ಕೈಮುಗಿಯತೊಡಗಿದರು. ಬಾವಾಗಳು ಒಂದೆರಡು ವರ್ಷ ಬಂದು ಚಪ್ಪರದಲ್ಲಿ ಸುಮ್ಮನೆ ಕೂತು ಎದ್ದು ಹೋದರು, ಆಮೇಲೆ ಬರಲಿಲ್ಲ. ಗೋಕರ್ಣದ ಕಡಲಂಚಿನಲ್ಲಿ ವಿದೇಶಿಯರು ಹೊಗೆ ಬಿಡುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ ಎಂದು ಮೀನುಪೇಟೆಯಲ್ಲಿ ಆಡಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ, ಅವಳು ಅದಕ್ಕೆ ತಲೆಯೆತ್ತುತ್ತಿರಲಿಲ್ಲ.

ನಮ್ಮ ಮನೆಯ ವಾದವೂ ಸವೆಯಿತು. ಮಾವನಿಗೆ ಕಿವಿ ಮಂದವಾಗಿ, ಮಗ ಹೇಳಿದ್ದಕ್ಕೆ ಬೇರೇನೋ ಉತ್ತರ ಕೊಡುತ್ತಿದ್ದರು. ಒಂದು ದಿನ ಅವಳು ಮೀನು ಕೊಟ್ಟು ಹೋದ ಮೇಲೆ ನನ್ನ ಗಂಡ ಪೇಪರಿನಿಂದ ಕಣ್ಣು ತೆಗೆಯದೆ, "ಒಂದು ವರ್ಷ ಇಟ್ಟಿದ್ರೆ ಸಾಕಿತ್ತು," ಅಂದರು. ಯಾರಿಗೆ ಹೇಳಿದ್ದೋ ಗೊತ್ತಿಲ್ಲ. "ಒಂದು ದಿನವೂ ಯಾಕೆ ಬೇಕಿತ್ತು?" ಎಂದು ಕೇಳಬಹುದಿತ್ತು. ಕುಕ್ಕರು ಕೂಗುತ್ತಿತ್ತು.

ತೀರ್ಪು ಬಂದಾಗ ಅಪರಾಧ ಸಾಬೀತಾಗಿದೆ ಎಂದೇ ಬಂತು. ಆದರೆ ಕೊಟ್ಟ ಶಿಕ್ಷೆಯಷ್ಟು ಕಾಲವನ್ನು ಅವನು ಕಾಯುತ್ತಲೇ ಒಳಗೆ ಕಳೆದಿದ್ದ. ಆ ದಿನಗಳನ್ನೇ ಶಿಕ್ಷೆಯೆಂದು ಲೆಕ್ಕ ಹಿಡಿದು ಅವನನ್ನು ಬಿಟ್ಟರು. ಗೆದ್ದಂತೆಯೂ ಅಲ್ಲ, ಸೋತಂತೆಯೂ ಅಲ್ಲ. ವಕೀಲರು ಫೋನಿನಲ್ಲಿ ಹೇಳಿದಾಗ ನಾನು "ಹೌದಾ" ಅಂದೆ.

ಅವನು ಮನೆಗೆ ಬಂದ ಮೇಲೆ ಮೊದಲ ಸಲ ಬಲೆ ಇಳಿದದ್ದು ಮೂರನೆಯ ಬೆಳಿಗ್ಗೆಯೋ ಏನೋ. ನಾನು ದಡಕ್ಕೆ ಹೋದಾಗ ಬಲೆ ಅರ್ಧ ಬಂದಿತ್ತು. ಎರಡೂ ಹಗ್ಗಗಳ ಮೇಲೆ ಜನ ಹಿಂದಕ್ಕೆ ಬಾಗಿದ್ದರು. ಅವನು ಒಗೆದ ಅಂಗಿ ತೊಟ್ಟು ಚಪ್ಪರದ ಕಡೆಯಿಂದ ಇಳಿದು ಬಂದ. ಸಾಲಿನ ಕೊನೆಯಲ್ಲಿ ನಿಂತವಳನ್ನು ನೋಡಿದ. ಯಾರೂ ಅವನಿಗೆ ಮೊದಲೇ ಹೇಳಿರಲಿಲ್ಲವೆಂದು ಅವನು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಅಂಗಿ ಬಿಚ್ಚಿ ಮರಳಿಗೆಸೆದು ಅವಳ ಹಿಂದೆ ಹೋಗಿ ಹಗ್ಗ ಹಿಡಿದ. ನಾಲ್ಕಾರು ಎಳೆತಕ್ಕೇ ಕೆಮ್ಮು ಬಂತು. ಕೈ ಸಡಿಲವಾಯಿತು, ಸಾಲೇ ಒಮ್ಮೆ ಓಲಾಡಿತು.

"ನೀ ಕುಂತ್ಕಾ ಮಾರಾಯ," ಅಂದ ತಾಂಡೇಲ, ಸಿಟ್ಟಿಲ್ಲದೆ. "ಅವ್ಳು ಇದ್ದಾಳೆ."

"ಅದು ನನ್ನ ಜಾಗ."

ಅವಳು ತಿರುಗಲಿಲ್ಲ. "ನಿಂದೇಯ. ನಾ ಹಿಡ್ಕಂಡದ್ದು ಅಷ್ಟೆ."

"ಹಾಂಗಾರೆ ಬಿಡು."

"ಬಲೆ ಬತ್ತಾ ಅದೆ. ಈಗ ಬಿಡೂಕೆ ಆಗೂದಿಲ್ಲ."

ಅವನು ಹಗ್ಗ ಬಿಟ್ಟ. ಆಮೇಲೆ ಅವಳ ಹಿಂದೆ ಮರಳ ಮೇಲೆ ಕೂತು, ಎಳೆದು ಬಂದ ಹಗ್ಗವನ್ನು ಸುತ್ತಿಡತೊಡಗಿದ. ಮುದುಕರ ಕೆಲಸ ಅದು. ಅವನಿಗಿನ್ನೂ ನಲವತ್ತಾಗಿರಲಿಲ್ಲ.

ಬಲೆ ಬಂತು. ಅದರಲ್ಲಿ ಹೆಚ್ಚಿನದು ತಿನ್ನಲು ಬಾರದ ಲೋಳೆಮೀನು, ನಡುವೆ ಒಂದಿಷ್ಟು ತಾರ್ಲೆ. ತಾಂಡೇಲ ಸಣ್ಣ ಸಣ್ಣ ರಾಶಿ ಹಾಕಿದ. ಆ ಮನೆಯ ರಾಶಿಯ ಮುಂದೆ ಇಬ್ಬರೂ ನಿಂತಿದ್ದರು, ಯಾರು ಬಗ್ಗಬೇಕೆಂದು ತಿಳಿಯದವರ ಹಾಗೆ. ಕಡೆಗೆ ಅವಳು ಬುಟ್ಟಿಯನ್ನು ಅವನ ಕೈಗೆ ಕೊಟ್ಟು, ತಾನು ಬಗ್ಗಿ ಮೀನು ತುಂಬಿದಳು. ಅಲ್ಲೇ ನನಗೂ ಒಂದಿಷ್ಟು ತೆಗೆದು ಕೊಟ್ಟಳು. ಬಿಸಿಲು ಏರುತ್ತಿತ್ತು, ಸಾರು ಮಾಡಲು ಹೊತ್ತಾಗುತ್ತಿತ್ತು, ನಾನು ಮನೆಗೆ ಬಂದೆ.