ಅಂತರಪಟಕ್ಕೊಂದು ಬೆನ್ನು

ಬನಿಯನ್ ಎಂಬ ವಸ್ತುವಿನ ಬಗ್ಗೆ ನೀವು ಎಂದಾದರೂ ಚಿಂತಿಸಿದ್ದೀರಾ, ಮಿತ್ರರೇ? ಚಿಂತಿಸಿರಲಾರಿರಿ, ನಿಮ್ಮ ತೋಳು ತಲೆಯ ಮೇಲಕ್ಕೆ ಹೋಗುತ್ತದೆ. ಪುಣೆಯಲ್ಲಿ ಎಲ್ಲರ ಕೈಗೂ ಮೊಬೈಲು ಬರುತ್ತಿದ್ದ ಆ ವರ್ಷ ನನ್ನ ಬಲಗೈ ಮಾತ್ರ ಕಿವಿಯವರೆಗೆ ಬರಲೂ ಒಪ್ಪಲಿಲ್ಲ. ಬನಿಯನ್ನಿನೊಳಗೆ ಅರ್ಧ ಹೊಕ್ಕು ಕುರುಡನಂತೆ ನಿಂತ ನನ್ನನ್ನು, ಹೆಂಡತಿ ಶಾಂತಾ ಒಲೆ ಸಣ್ಣಗೆ ಮಾಡಿ ಬಂದು ಪಾರುಮಾಡುತ್ತಿದ್ದಳು. ಖಡಕಿಯ ರಕ್ಷಣಾ ಇಲಾಖೆಯ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಫೈಲುಗಳ ಮೇಲೆ ಬಾಗಿ ದೇಶರಕ್ಷಣೆ ಮಾಡಿದವನಿಗೆ ಸಂದ ಗೌರವವಿದು.

ಬನಿಯನ್ ಹಾಳಾಗಿ ಹೋಗಲಿ, ಮೂರು ತಿಂಗಳಿಗೆ ಪಲ್ಲವಿಯ ಮದುವೆಯಿತ್ತು. ಅವಳು ನನ್ನ ತಂಗಿ ಸುಧಾಳ ಮಗಳು. ತಂದೆ ತೀರಿದಾಗ ಎರಡು ವರ್ಷದ ಕೂಸಾಗಿ ನಮ್ಮ ಮನೆಗೆ ಬಂದವಳು. ವಧೂವರರ ನಡುವೆ ಅಂತರಪಟ ಹಿಡಿಯುವುದು ನಮ್ಮ ಮನೆತನದಲ್ಲಿ ಸೋದರಮಾವನ ಹಕ್ಕು. ಆದರೆ ಪುಣೆಯ ಮಂಗಲಾಷ್ಟಕ ಎಂಟು ಪದ್ಯಕ್ಕೆ ಮುಗಿಯುವಂಥದಲ್ಲ. ವರನ ಕಡೆಯ ಒಬ್ಬೊಬ್ಬ ಅತ್ತೆಯೂ ತಾನೇ ರಚಿಸಿದ್ದನ್ನು ತಾನೇ ಹಾಡಿ, ನಡುವೆ ಸಾಲು ಮರೆತು, ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಅಷ್ಟು ಹೊತ್ತೂ ಬಟ್ಟೆ ಮೇಲೆಯೇ ಇರಬೇಕು.

"ಅಣ್ಣಾ, ನೀ ಮುಂದಿನ ಸಾಲಿನ್ಯಾಗ ಆರಾಮ ಕೂಡು. ಪಟಾ ಯಾರರೆ ಎತ್ತರ ಇದ್ದವರು ಹಿಡೀತಾರ" ಎಂದಳು ಸುಧಾ. ಕರುಣೆಯಿಂದಲೇ ಅಂದಳು, ನನಗೆ ಮೈಯೆಲ್ಲ ಉರಿದುಹೋಯಿತು.

ವ್ಯಾಯಾಮ ಕಲಿಸುವ ಡಾಕ್ಟರ ಬಳಿಗೆ ಓಡಿದೆ. ನನ್ನ ಅರ್ಧ ವಯಸ್ಸಿನ ಮರಾಠಿ ಹುಡುಗಿ, ಬೆನ್ನು ಒತ್ತಿ ನೋಡಿ, "ಖಾಂದ್ಯಾಚಾ ದೋಷ ನಾಹೀ ಕಾಕಾ, ಪಾಠ ಝೋಪಲೀ ಆಹೇ" ಎಂದು ತೀರ್ಪಿತ್ತಳು. ಭುಜ ನಿರಪರಾಧಿ, ನಿದ್ದೆ ಹೋದದ್ದು ಬೆನ್ನು! ಬೆನ್ನು ಮಾಡಬೇಕಾದ ಕೆಲಸವನ್ನೆಲ್ಲ ಭುಜವೊಂದೇ ಮಾಡಿ ಮಾಡಿ ಸೋತಿದೆಯಂತೆ. ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಿರಲಿಲ್ಲ, ನಮ್ಮ ಕಚೇರಿ ನಡೆಯುವುದೂ ಇದೇ ನಿಯಮದ ಮೇಲೆ. ಹೆಗಲ ಹಿಂದಿನ ಎರಡು ಅಗಲ ಎಲುಬುಗಳನ್ನು ಕೆಳಕ್ಕೆಳೆದು, ಹತ್ತಿರ ತಂದು, ಆಮೇಲೆಯೇ ಕೈ ಎತ್ತಬೇಕೆಂದು ಅಪ್ಪಣೆಯಾಯಿತು.

ಎಳೆಯುವುದು ಹೇಗೆ? ಐವತ್ತೆರಡು ವರ್ಷ ಜೊತೆಗಿದ್ದರೂ ನನಗೂ ನನ್ನ ಬೆನ್ನಿಗೂ ಮಾತುಕತೆಯೇ ಇರಲಿಲ್ಲ. ಬೆಳಿಗ್ಗೆ ಗೋಡೆಯೆದುರು ನಿಂತರೆ ಹೆಗಲು ಕಿವಿಗೇರುತ್ತಿತ್ತು, ದವಡೆ ಬಿಗಿಯುತ್ತಿತ್ತು, ಹುಬ್ಬುಗಳೂ ಸಹಾಯಕ್ಕೆ ಬರುತ್ತಿದ್ದವು. ಬೆನ್ನೊಂದನ್ನು ಬಿಟ್ಟು ಮೈಯೆಲ್ಲ ದುಡಿಯುತ್ತಿತ್ತು. ಕೊನೆಗೆ ಶಾಂತಾ ತನ್ನ ಹಿಟ್ಟಿನ ಬೆರಳನ್ನು ಆ ಎರಡು ಎಲುಬುಗಳ ನಡುವೆ ಊರಿ, "ಹೆಗಲು ಬಿಡ್ರಿ. ಇಲ್ಲೆ ನನ್ನ ಬಟ್ಟು ಹಿಂಡ್ರಿ" ಎಂದಳು. ಮೂರು ವಾರ ಆ ಬೆರಳು ಬೇಸರಿಸದೆ ಕಾಯಿತು. ಒಂದು ದಿನ "ಅಯ್ಯ, ಹಿಡೀತು ನೋಡ್ರಿ!" ಎಂದು ಕೂಗಿದಳು. ನನಗೆ ಬಡ್ತಿ ಬಂದಾಗಲೂ ಅವಳು ಹಾಗೆ ಕೂಗಿರಲಿಲ್ಲ.

ಮದುವೆಯ ದಿನ ಅಂತರಪಟದ ಒಂದು ತುದಿ ಭಟ್ಟರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಐವರು ಅತ್ತೆಯರು ಹಾಡಿದರು, ಇಬ್ಬರು ಎರಡೆರಡು ಸಲ. ಸುಧಾಳ ಕಣ್ಣು ಅಕ್ಷತೆಯ ಮೇಲಿರಲಿಲ್ಲ, ನನ್ನ ಮೊಣಕೈಯ ಮೇಲಿತ್ತು. ಬೆನ್ನು ಎಚ್ಚರವಾಗಿತ್ತು, ಕೈ ನಡುಗಲಿಲ್ಲ. ಕೊನೆಯ 'ಸಾವಧಾನ' ಮುಗಿದು, ವಾದ್ಯ ಮೊಳಗಿ, ಭಟ್ಟರು "ಇಳಸ್ರಿ" ಎಂದರು. ಕೇಳಿಸಿತು. ಮತ್ತೊಮ್ಮೆ ಎಂದರು. ಆಗಲೂ ಕೇಳಿಸಿತು. ನೋವಿರಲಿಲ್ಲ ಮಿತ್ರರೇ, ಇಳಿಸಲು ಮನಸ್ಸಿರಲಿಲ್ಲ. ಈ ಬಟ್ಟೆ ಇಳಿದರೆ ಹುಡುಗಿ ಹೋದಳು.

ಎರಡೂ ಕೈಯಲ್ಲಿ ಮಾಲೆ ಎತ್ತಿ ಹಿಡಿದು ನಿಂತಿದ್ದ ಪಲ್ಲವಿ ಮೂಗೆಳೆಯುತ್ತ ಪಿಸುಗುಟ್ಟಿದಳು:

"ಮಾಮಾ, ಇಳಸೋ. ನನ್ನ ಕೈ ನೋಯ್ಲಿಕ್ಕತ್ತಾವ."